ಇಟ್ಟ ಸದ್ದು

ಗ್ರಿಮ್ಸ್‌ಬಿ ಲೈಬ್ರರಿ, ಎರಡನೇ ಮಹಡಿ,
ಮಂಗಳವಾರ, ಹೀಟರ್ ಪಕ್ಕದ ಕಂಪ್ಯೂಟರು.
ರೆಗ್ ಓಸ್ಗರ್ಬಿಗೆ ಎಪ್ಪತ್ತೊಂಬತ್ತು.
ರೆಗ್ ಎಂದೇ ಕರೆಯಬೇಕಂತೆ. ಕರೆಯುತ್ತೇನೆ;
ಕನ್ನಡದಲ್ಲಿ ಬರೆಯುವಾಗ ಮಾತ್ರ
ಬಹುವಚನ ಬಿಡಲಾರೆ.

ಹಡಗಿನಿಂದ ಮೀನಿಳಿಸಿದ ಕೈ ಅವರದು.
ರಾತ್ರಿ ಎರಡಕ್ಕೆ ಶುರುವಾದರೆ ಬೆಳಕು ಹರಿಯುವಷ್ಟರಲ್ಲಿ
ಕಟ್ಟೆಯುದ್ದಕ್ಕೂ ಪೆಟ್ಟಿಗೆ, ಪೆಟ್ಟಿಗೆ, ಪೆಟ್ಟಿಗೆ.
ಈಗ ಆ ಅಂಗೈಯೊಳಗೆ ಒಂದು ಮೌಸು,
ಇದೆಯೋ ಇಲ್ಲವೋ ಎಂಬಂತೆ.

ಕೆಲಸ ಇಷ್ಟೆ: ಸ್ಕ್ಯಾನಾದ ನಾಲ್ಕು ಸಾವಿರ ಫೋಟೋ
ಒಂದೊಂದನ್ನೇ ಎಳೆದು ಅದರದರ ಫೋಲ್ಡರಿಗೆ ಹಾಕುವುದು.
‘ಹಡಗುಗಳು’, ‘ಮದುವೆಗಳು’, ‘ಐಸ್ ಕಾರ್ಖಾನೆ’,
‘ಹೆಸರು ಗೊತ್ತಿಲ್ಲದವರು’.
ಒತ್ತಿ ಹಿಡಿ, ಎಳೆ, ಬಿಡು:
ಮೂರು ಕ್ರಿಯಾಪದ, ಮೂರು ನಿಮಿಷದ ಪಾಠ
ಎಂದುಕೊಂಡಿದ್ದೆ.

ಪಟ್ಟಿ ಉದ್ದ, ಕಿಟಕಿ ಗಿಡ್ಡ.
ಬೇಕಾದ ಫೋಲ್ಡರು ಎಲ್ಲೋ ಕೆಳಗೆ, ಕಾಣದ ಕಡೆ.
ಅಂಚಿಗೆ ಒಯ್ದರೆ ಪಟ್ಟಿ ತೆವಳುತ್ತದೆ, ಆಮೇಲೆ
ಕಲ್ಲೇಟು ಬಿದ್ದ ನಾಯಿಯ ಹಾಗೆ ಓಟ,
ಬೇಕಾದ್ದನ್ನು ದಾಟಿ ತಳದವರೆಗೆ.
ಮೇಲೆ ತಂದು ಒಂದು ಗಳಿಗೆ ಕೈ ತಡೆದರೆ
ಕೆಳಗಿದ್ದ ಫೋಲ್ಡರು ಕೇಳದೆಯೇ ಬಾಗಿಲು ತೆರೆಯುತ್ತದೆ;
ದಾರಿಯಲ್ಲಿ ನಿಂತವರನ್ನು ಒಳಗೆಳೆದು
ಉಪ್ಪಿಟ್ಟು ತಿನ್ನಿಸುವ ಮನೆಯ ಹಾಗೆ.
‘ನಾನು ಬಂದದ್ದು ಪಕ್ಕದ ಮನೆಗೆ’
ಎಂದು ಹೇಳುವುದು ಹೇಗೆ, ಕೈಯಲ್ಲಿ ಹೊರೆ ಇರುವಾಗ?

ರೆಗ್ ಅವರ ಕೈ ನಡುಗುತ್ತದೆ.
‘ವಯಸ್ಸಲ್ಲಮ್ಮ, ಐಸು. ನಲವತ್ತು ವರ್ಷದ ಐಸು’
ಎನ್ನುತ್ತಾರೆ. ಅರ್ಧ ದಾರಿಯಲ್ಲಿ ಬೆರಳು ಜಾರುತ್ತದೆ.
‘ಈಗ ಎಲ್ಲಿ ಬಿತ್ತು?’
ಎಲ್ಲೋ.
‘ಬಿದ್ದ ಸದ್ದೇ ಇಲ್ಲವಲ್ಲ.
ಕಟ್ಟೆಯ ಮೇಲೆ ಪೆಟ್ಟಿಗೆ ಇಟ್ಟರೆ ಧೊಪ್ ಅನ್ನುತ್ತಿತ್ತು,
ಕತ್ತಲಲ್ಲೂ ಗೊತ್ತಾಗುತ್ತಿತ್ತು
ಯಾರು ಇಟ್ಟರು, ಎಷ್ಟು ತುಂಬಿದೆ.’

ನಮ್ಮ ಮಾತಿನಲ್ಲಿ ಯಾವ ಕ್ರಿಯೆಯ ಬೆನ್ನಿಗೂ
ಬಿಡು ಎಂದು ಅಂಟಿಸುತ್ತೇವೆ:
ಹೋಗಿಬಿಟ್ಟ, ಮರೆತುಬಿಟ್ಟೆ, ಮುಗಿದೇಬಿಟ್ಟಿತು.
ಅಂಟಿಸಿದರೆ ಕೆಲಸ ಪೂರ್ತಿ, ಮತ್ತೆ ಮಾತಿಲ್ಲ.
ಈ ಯಂತ್ರಕ್ಕೆ ಬಿಡು ಎಂದರೆ
ಬೆರಳೆತ್ತು, ಅಷ್ಟೇ. ಉಳಿದದ್ದು ನಿನ್ನ ಪುಣ್ಯ.

ಹೀಗೇ ಒಂದು ಮಂಗಳವಾರ ಲೆನ್ ಕಳೆದುಹೋದ.
ಲೆನ್, ರೆಗ್ ಅವರ ಅಣ್ಣ, ಹತ್ತೊಂಬತ್ತರ ಹುಡುಗ,
ಹಡಗಿನ ಮೇಲೆ, ಎರಡೂ ತೋಳಲ್ಲಿ ಒಂದು ಕಾಡ್ ಮೀನು.
ಇತ್ತು, ಎಳೆದರು, ಇಲ್ಲ.
ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ.
ರದ್ದು ಮಾಡುವ ಆಜ್ಞೆ ಆಗಲೇ ಮಂಕಾಗಿತ್ತು,
ಗಾಬರಿಯಲ್ಲಿ ಇನ್ನೆಲ್ಲೋ ಒತ್ತಿದ್ದರು.
ಹುಡುಕೋಣವೆಂದರೆ ಫೋಟೋಕ್ಕೆ ಹೆಸರಿಲ್ಲ, ಬರೀ ಸಂಖ್ಯೆ;
ಆ ಸಂಖ್ಯೆ ಯಾರು ನೋಡಿಟ್ಟಿದ್ದರು?
‘ಎಲ್ಲಿಗೆ ಹೋದ?’ ಎಂದರು ರೆಗ್,
ಎಲ್ಲಿಗೆ ಹೋಯಿತು ಎನ್ನಲಿಲ್ಲ.
ನಾನು ಪರದೆಯನ್ನೇ ನೋಡುತ್ತ ಕೂತೆ.

ಸಿಕ್ಕಿದ್ದು ಮೂರು ವಾರದ ಮೇಲೆ, ‘ಮದುವೆಗಳು’ ಒಳಗೆ.
ಬಿಳಿ ಮುಸುಕು, ಹೂಗೊಂಚಲು, ಚರ್ಚಿನ ಮೆಟ್ಟಿಲು,
ನಡುವೆ ಲೆನ್, ರಬ್ಬರ್ ಬೂಟು ಹಾಕಿಕೊಂಡು,
ಮೀನನ್ನು ಹೊಸ ಹೆಂಡತಿಯಂತೆ ಎತ್ತಿಕೊಂಡು.

ರೆಗ್ ನಕ್ಕ ನಗುವಿಗೆ ಕೆಳಗಿನ ಮಹಡಿಯವರು
ಮೆಟ್ಟಿಲು ಹತ್ತಿ ಬಂದರು.
ನಾನು ಒತ್ತಿ ಹಿಡಿದೆ, ‘ಹಡಗುಗಳು’ ಕಡೆಗೆ ಎಳೆಯತೊಡಗಿದೆ.
ನನ್ನ ಕೈಯ ಮೇಲೆ ಅವರ ಕೈ ಬಂತು.
‘ಮಾರ್ಚಿಗೆ ಗೊತ್ತಾಗಿತ್ತು, ಮದುವೆ.
ಅವನು ಹೊರಟದ್ದು ಜನವರಿಯಲ್ಲಿ.
ಅಲ್ಲೇ ಇರಲಿ ಬಿಡು.’

ಪಟ್ಟಿಯ ಲೆಕ್ಕಕ್ಕೆ ಅದು ತಪ್ಪು. ಗೊತ್ತು.
ಬಿಟ್ಟೆ.

ಈಗ ಒಂದೊಂದು ಫೋಟೋ ಇಡುವಾಗಲೂ
ರೆಗ್ ಎಡಗೈ ಗೆಣ್ಣಿನಿಂದ ಮೇಜು ಕುಟ್ಟುತ್ತಾರೆ, ಠಕ್.
ಒಮ್ಮೊಮ್ಮೆ ಫೋಟೋ ಹೋಗಿ ಸೇರಿರುವುದಿಲ್ಲ,
ಸದ್ದು ಮಾತ್ರ ಆಗಿರುತ್ತದೆ.
ಆಗ ಇನ್ನೊಂದು ಸಲ ಎಳೆದು,
ಇನ್ನೊಂದು ಸಲ ಠಕ್.